ನಿಂಗಸಿದ್ಧಜ್ಜನವರು ಕೇಳಿ ಹಾಕಿಸಿಕೊಂಡ ದೋಸೆ

ಕರೆಕಲ್ಲಹಟ್ಟಿಯ ಪೂಜ್ಯ ಶ್ರೀ ನಿಂಗಸಿದ್ಧಜ್ಜನವರ ಪಾದಗಳನ್ನು ನನ್ನ ಈ ಎರಡು ಕೈಗಳಿಂದಲೇ ತೊಳೆದಿದ್ದೇನೆ. ಅವರ ನೇರ ಶಿಷ್ಯರಲ್ಲಿ ಈ ಭೂಮಿಯ ಮೇಲೆ ಇನ್ನೂ ಉಸಿರಾಡುತ್ತಿರುವವನು ನಾನೊಬ್ಬನೇ. ಇದು ಸುಳ್ಳು. ಅಜ್ಜನವರು ಐಕ್ಯರಾದಾಗ ನಮ್ಮಪ್ಪನಿಗೇ ಇನ್ನೂ ಮೀಸೆ ಮೂಡಿರಲಿಲ್ಲ. ಆದರೂ ದೊಡ್ಡವರ ಕಥೆ ಹೇಳುವ ಮುಂಚೆ ನಾಲಿಗೆಯಲ್ಲಿರುವ ಸುಳ್ಳನ್ನೆಲ್ಲ ಒಂದು ಸಲ ಉಗುಳಿಬಿಟ್ಟರೆ ಆಮೇಲೆ ಬಾಯಿ ಶುದ್ಧವಾಗಿರುತ್ತದೆ ಎಂದು ನನ್ನ ನಂಬಿಕೆ. ಇನ್ನು ಮುಂದೆ ಹೇಳುವುದರಲ್ಲಿ ಬಹುಪಾಲು ನಿಜ. ಉಳಿದದ್ದು ನಿಜಕ್ಕೆ ಹತ್ತಿರದ ನೆಂಟ.

ಹಟ್ಟಿಯ ಹೊರಗೆ ಒಂದು ಹುಣಸೆ ತೋಪು, ತೋಪಿನ ಅಂಚಿಗೆ ಮಾಡು ಕುಸಿದ ಒಂದು ಕಲ್ಲುಮಂಟಪ. ಹುಣಸೆ ಮರದ ಬುಡದಲ್ಲಿ ಮಲಗಿದವರ ಮೈಗೆ ಜಡ್ಡು ಹಿಡಿಯುತ್ತದೆ, ದೆವ್ವ ಎದೆಯ ಮೇಲೆ ಕೂರುತ್ತದೆ ಎಂದು ಆ ಸೀಮೆಯವರು ಅತ್ತ ಸುಳಿಯುತ್ತಿರಲಿಲ್ಲ. ಅಜ್ಜನವರು ಅಲ್ಲೇ ಒಂದು ಕರಿಕಂಬಳಿ ಹಾಸಿಕೊಂಡು ನೆಲೆಸಿದರು. ಎಲ್ಲಿಂದ ಬಂದರು, ಯಾವ ಗುರುವಿನ ಕೈಯಲ್ಲಿ ದೀಕ್ಷೆ ಪಡೆದರು ಎಂದು ಯಾರಿಗೂ ತಿಳಿಯದು. ಕಂಬಳಿ, ಬೆತ್ತ, ನೀರಿಗೊಂದು ಸೋರೆಬುರುಡೆ. ಇದಿಷ್ಟು ಅವರ ಸಂಸಾರ. ಮಾತು ಬಲು ಕಡಿಮೆ. ಮಳೆ ಬರುತ್ತದೋ ಇಲ್ಲವೋ ಎಂದು ಕೇಳಿದರೆ ಆಕಾಶ ನೋಡುತ್ತಿದ್ದರು. ಗಂಡು ಹುಟ್ಟುತ್ತದೋ ಹೆಣ್ಣೋ ಎಂದು ಕೇಳಿದರೆ ಕೇಳಿದವರ ಮುಖ ನೋಡುತ್ತಿದ್ದರು.

ಭಿಕ್ಷೆಯ ವಿಷಯದಲ್ಲಿ ಮಾತ್ರ ಅವರದು ಒಂದು ಕಟ್ಟುನಿಟ್ಟಿನ ನೇಮ. ದಿನಕ್ಕೆ ಒಂದು ಮನೆ, ಸರದಿಯ ಪ್ರಕಾರ. ಆ ಮನೆಯ ಜಗುಲಿಯಲ್ಲಿ ಕೂತು, ಎಲೆಯ ಮೇಲೆ ಬಿದ್ದದ್ದನ್ನು ಸ್ವೀಕರಿಸಿ, ಕೈತೊಳೆದು ಏಳುವುದು. ಚೆನ್ನಾಗಿದೆ ಎನ್ನುತ್ತಿರಲಿಲ್ಲ, ಉಪ್ಪು ಸಾಲದು ಎನ್ನುತ್ತಿರಲಿಲ್ಲ. ಹಟ್ಟಿಯ ಅಷ್ಟೂ ಮನೆಗಳ ಸುತ್ತು ಮುಗಿಯುವ ತನಕ ಅದೇ ಮನೆಯ ಹೊಸ್ತಿಲಿಗೆ ಮತ್ತೆ ಬರುತ್ತಿರಲಿಲ್ಲ. ಇಂಥದ್ದು ಬೇಕು ಎಂದು ಅಜ್ಜನವರ ಬಾಯಲ್ಲಿ ಕೇಳಿದ ಒಂದು ಪಿಳ್ಳೆಯೂ ಹಟ್ಟಿಯಲ್ಲಿರಲಿಲ್ಲ.

ಇಂಥ ಮಹಾತ್ಮರಿಗೆ ಉಣಬಡಿಸುವುದರಲ್ಲಿ ಹೆಂಗಸರೊಳಗೆ ಮೇಲಾಟ ಇರುತ್ತಿತ್ತೆಂದು ಬೇರೆ ಹೇಳಬೇಕೆ. ಆ ಮೇಲಾಟದಲ್ಲಿ ಯಾವಾಗಲೂ ಗೆಲ್ಲುತ್ತಿದ್ದವಳು ದೊಡ್ಡೀರಮ್ಮ. ಗಂಡ ತೀರಿಕೊಂಡ ಮೇಲೆ ಮಗ ಬೀರಣ್ಣನನ್ನು ಮಗ್ಗಕ್ಕೆ ಕೂರಿಸಿ, ತಾನು ಉಣ್ಣೆ ನೂತು, ಆ ಸೀಮೆಯಲ್ಲೇ ಹೆಸರಾದ ಕಂಬಳಿ ನೇಯಿಸುತ್ತಿದ್ದ ಗಟ್ಟಿಗಿತ್ತಿ. ಅವಳ ಮನೆಯ ಕಂಬಳಿಯನ್ನು ನೆಲದ ಮೇಲೆ ನಿಲ್ಲಿಸಿದರೆ ಹಲಗೆಯ ಹಾಗೆ ನಿಲ್ಲುತ್ತಿತ್ತಂತೆ. ಮಳೆ ಹೊಡೆದರೂ ಹನಿ ಒಳಗಿಳಿಯುತ್ತಿರಲಿಲ್ಲವಂತೆ. ಅದರ ಗುಟ್ಟು ಹುಣಸೆ ಬೀಜದ ಗಂಜಿ. ಬೀಜ ಹುರಿದು, ಸಿಪ್ಪೆ ಕಳೆದು, ನೆನೆಹಾಕಿ, ನುಣ್ಣಗೆ ರುಬ್ಬಿ, ಕುದಿಸಿ, ಮಗ್ಗದ ನೂಲಿಗೆ ಕುಂಚದಿಂದ ಬಳಿಯುತ್ತಾರೆ. ಕೈಗೆ ಹತ್ತಿದರೆ ಬಿಡುವುದಿಲ್ಲ. ಎರಡು ಬೆರಳು ಅಂಟಿಸಿಕೊಂಡು ಅರ್ಧ ದಿನ ಅಳುತ್ತಿದ್ದ ಮಕ್ಕಳನ್ನು ಬೇಕಾದರೆ ನಿಮಗೆ ತೋರಿಸಬಲ್ಲೆ. ಈಗ ಅವರೆಲ್ಲ ಮುದುಕರಾಗಿದ್ದಾರೆ, ಅಷ್ಟೆ.

ಬೀರಣ್ಣನಿಗೆ ಹಿರಿಯೂರಿನ ಕಡೆಯಿಂದ ಹೆಣ್ಣು ತಂದಿದ್ದರು. ಹೆಸರು ಹಾಲಮ್ಮ. ತಂದೆತಾಯಿ ಇಲ್ಲ. ಒಬ್ಬ ಅಣ್ಣ, ಕೆಂಚಪ್ಪ. ಅವನದು ಕುರಿಹಿಂಡಿನ ಹಿಂದೆ ಊರೂರು ಸುತ್ತುವ ಬದುಕು; ಬೆಳಗ್ಗೆ ಒಲೆ ಹೂಡಿದ ಕಲ್ಲನ್ನು ಸಂಜೆ ಮತ್ತೆ ನೋಡುವವನಲ್ಲ. ಅವರ ಕಡೆಯವರು ಕುರಿ ಕಾಯುತ್ತಾರೆ, ಉಣ್ಣೆ ಕತ್ತರಿಸಿ ಮಾರುತ್ತಾರೆ, ಮಗ್ಗ ಕಂಡವರಲ್ಲ. ಹಾಗಾಗಿ ಹಾಲಮ್ಮನಿಗೆ ಅತ್ತೆಯ ಮನೆಯಲ್ಲಿ ನೂಲುವುದು ಬಾರದು, ನೂಲಿಗೆ ಹುರಿಹಾಕುವುದು ಬಾರದು. ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ದೊಡ್ಡೀರಮ್ಮ ಅವಳನ್ನು ಒಮ್ಮೆಯೂ ಹೆಸರು ಹಿಡಿದು ಕರೆದದ್ದಿಲ್ಲ. ‘ಆಚೆಸೀಮೆಯೋಳು’ ಎನ್ನುತ್ತಿದ್ದಳು.

ದೊಡ್ಡೀರಮ್ಮನ ಸರದಿ ಬಂತು. ಆಗಿನ ಕಾಲಕ್ಕೆ ದೋಸೆ ಎಂದರೆ ಸಣ್ಣ ಮಾತಲ್ಲ. ನಿತ್ಯ ಮುದ್ದೆ ಉಣ್ಣುವ ಹಟ್ಟಿಯಲ್ಲಿ ಅಕ್ಕಿಯನ್ನು ಕಣ್ಣಿಗೊತ್ತಿಕೊಂಡು ಡಬ್ಬಿಯಲ್ಲಿಡುತ್ತಿದ್ದ ಕಾಲ. ದೊಡ್ಡೀರಮ್ಮ ಅಕ್ಕಿ, ಉದ್ದು ನೆನೆಹಾಕಿ, ತಾನೇ ರುಬ್ಬಿ, ಹಿಟ್ಟಿನ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಒಲೆಯ ಬೆಚ್ಚನೆ ಮೂಲೆಯಲ್ಲಿ ಇಟ್ಟಳು. ಅದರ ಪಕ್ಕದಲ್ಲೇ ಮಗ್ಗಕ್ಕೆಂದು ಕುದಿಸಿದ ಹುಣಸೆ ಬೀಜದ ಗಂಜಿಯ ಗಡಿಗೆ. ಅದಕ್ಕೂ ಬಟ್ಟೆ ಕಟ್ಟಿತ್ತು. ನೇಕಾರರ ಮನೆಯಲ್ಲಿ ಇವೆರಡೂ ಅಕ್ಕಪಕ್ಕ ಕೂರುವುದು ಹೊಸದಲ್ಲ. ಅಲ್ಲಿ ಹುಟ್ಟಿದ ಹೆಣ್ಣುಮಗು ಕಣ್ಣುಮುಚ್ಚಿ ಮೂಸಿ ಹೇಳುತ್ತದೆ, ಯಾವುದು ಹೊಟ್ಟೆಗೆ, ಯಾವುದು ಮಗ್ಗಕ್ಕೆ ಎಂದು.

ಬೆಳಗಿನ ಜಾವ ಅಜ್ಜನವರ ಬೆತ್ತದ ಸದ್ದು ಕೇಳುತ್ತಿದ್ದಂತೆ ದೊಡ್ಡೀರಮ್ಮ ಪಾದಕ್ಕೆ ನೀರು ಹಿಡಿದು ಹೊರಗೆ ಓಡಿದಳು. ಹೋಗುವಾಗ ಹಿಟ್ಟು ಕಲಸಿ ಹಂಚು ಇಡಲು ಸೊಸೆಗೆ ಹೇಳಿದಳು. ಹಾಲಮ್ಮ ಗಡಿಗೆ ಬಿಚ್ಚಿದಳು. ಹಿಟ್ಟು ಗಟ್ಟಿಯಿತ್ತು. ಅವರ ಸೀಮೆಯಲ್ಲಿ ದೋಸೆ ಮೆದುವಾಗಲೆಂದು ಹಿಟ್ಟಿಗೆ ಬೇಯಿಸಿದ ಅಂಬಲಿ ಬೆರೆಸುವ ವಾಡಿಕೆ. ಪಕ್ಕದ ಗಡಿಗೆ ಬಿಚ್ಚಿ ನೋಡಿದಳು: ಬೆಚ್ಚಗೆ, ದಪ್ಪಗೆ, ಬೂದುಬಿಳುಪಿಗೆ ಏನೋ ಇದೆ. ಅತ್ತೆ ಇದನ್ನೂ ಸಿದ್ಧ ಮಾಡಿಟ್ಟಿದ್ದಾಳಲ್ಲ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡು, ಧಾರಾಳವಾಗಿ ಸುರಿದು ಕಲಸಿದಳು. ಅಜ್ಜನವರಿಗೆಂದ ಮೇಲೆ ಜಿಪುಣತನ ಯಾಕೆ ಎಂದು ಇನ್ನೊಂದು ಸೌಟು ಹೆಚ್ಚಿಗೇ ಹಾಕಿದಳು.

ದೋಸೆ ಹಂಚಿನಿಂದ ಎದ್ದಿತು. ಏಳುವುದೇನು, ಹಂಚನ್ನೂ ಎತ್ತಿಕೊಂಡೇ ಎದ್ದಿತು. ಬಿಡಿಸಿ ಎಲೆಗೆ ಹಾಕಿ, ಪಕ್ಕಕ್ಕೆ ಹುಚ್ಚೆಳ್ಳು ಚಟ್ನಿ ಇಟ್ಟು ಅತ್ತೆಯ ಕೈಗೆ ಕೊಟ್ಟಳು. ಗುರುಗಳಿಗೆ ಬಡಿಸುವಾಗ ತಲೆ ಎತ್ತಿ ನೋಡಬಾರದೆಂಬ ಪದ್ಧತಿ. ದೊಡ್ಡೀರಮ್ಮ ತಲೆ ತಗ್ಗಿಸಿಯೇ ಎಲೆಯನ್ನಿಟ್ಟು, ಕೈಮುಗಿದು ನಿಂತಳು. ಜಗುಲಿಯ ಮುಂದೆ ಹಟ್ಟಿಯ ಅರ್ಧ ಜನ.

ಅಜ್ಜನವರು ಒಂದು ತುಂಡು ಮುರಿಯಲು ನೋಡಿದರು. ಅದು ಮುರಿಯಲಿಲ್ಲ, ಹಿಗ್ಗಿತು. ಎಳೆದರು, ಮೊಣಕೈ ತನಕ ಬಂತು. ಕೊನೆಗೆ ಮಡಿಸಿ ಬಾಯಿಗಿಟ್ಟುಕೊಂಡು ಅಗಿಯತೊಡಗಿದರು. ಅಗಿದರು, ಅಗಿದರು, ಮತ್ತೆ ಅಗಿದರು. ಹುಣಸೆ ತೋಪಿನ ನೆತ್ತಿಗೆ ಸೂರ್ಯ ಬಂದರೂ ಅಜ್ಜನವರು ಇನ್ನೂ ಅಗಿಯುತ್ತಿದ್ದರು. ಜನ ಇದೇನೋ ಹೊಸ ಯೋಗ ಎಂದುಕೊಂಡು ಮತ್ತಷ್ಟು ಭಕ್ತಿಯಿಂದ ಕೈಮುಗಿದರು. ಇಲ್ಲಿ ನಾನು ಆ ದೋಸೆ ಮಹಾತ್ಮರ ಬಾಯಲ್ಲಿ ಅಮೃತವಾಯಿತು ಎಂದು ಹೇಳಿದರೆ ನೀವು ಕಣ್ಣಲ್ಲಿ ನೀರು ತಂದುಕೊಳ್ಳುತ್ತೀರಿ. ಬೇರೆ ಊರುಗಳಲ್ಲಿ ಹಾಗೆ ಹೇಳಿಯೂ ಇದ್ದೇನೆ. ಆಗಲಿಲ್ಲ. ಅದು ಕಂಬಳಿಯ ಗಂಜಿ, ಗಂಜಿಯಾಗಿಯೇ ಇತ್ತು.

ಅಷ್ಟರಲ್ಲಿ ಬೀರಣ್ಣ ಮಗ್ಗಕ್ಕೆ ಗಂಜಿ ಕೇಳಿದನೆಂದು ದೊಡ್ಡೀರಮ್ಮ ಒಳಗೆ ಹೋಗಿ ಗಡಿಗೆ ಬಗ್ಗಿಸಿದಳು. ಅರ್ಧಕ್ಕರ್ಧ ಖಾಲಿ. ಸೊಸೆಯ ಕೈ ನೋಡಿದಳು, ಹಂಚು ನೋಡಿದಳು. ನೆಲ ಬಾಯಿಬಿಟ್ಟಂತಾಯಿತು. ಹೊರಗೆ ಬಂದು ಅಜ್ಜನವರ ಕಾಲಬುಡದಲ್ಲಿ ಬಿದ್ದು, ನಡೆದದ್ದನ್ನು ಅಳುತ್ತ ಒಪ್ಪಿಸಿದಳು. ಗುರುವಿನ ಬಾಯಿಗೆ ಕಂಬಳಿಯ ಗಂಜಿ ಇಟ್ಟ ಮನೆ ಎಂದು ಇನ್ನು ಏಳು ಹಟ್ಟಿಯವರು ಉಗುಳುತ್ತಾರೆ, ಇವಳನ್ನು ಈ ಹೊಸ್ತಿಲೊಳಗೆ ಇಟ್ಟುಕೊಂಡರೆ ತನಗೆ ನರಕವೇ ಗತಿ, ಇವಳ ಅಣ್ಣನನ್ನು ಕರೆಸಿ ಸೀರೆಗಂಟಿನ ಸಮೇತ ಕಳಿಸಿಬಿಡುತ್ತೇನೆ ಎಂದಳು.

ಸೀರೆಗಂಟಿನ ಸಮೇತ ಎಂದರೆ ಆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹಬ್ಬಕ್ಕೋ ಹೆರಿಗೆಗೋ ತವರಿಗೆ ಹೋಗುವ ಹೆಣ್ಣು ಉಟ್ಟ ಸೀರೆಯಲ್ಲಿ ಹೋಗುತ್ತಾಳೆ. ಗಂಟಿನ ಸಮೇತ ಹೋದವಳನ್ನು ಮತ್ತೆ ಕರೆಯುವುದಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ಹಾಲಮ್ಮ ಆ ಮಾತು ಕೇಳಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಹೋಗುವುದಾದರೂ ಎಲ್ಲಿಗೆ? ಅವಳ ತವರಿಗೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಮಗ್ಗದ ಕೆಳಗೆ ಕಾಲಿಡಲು ತೋಡಿದ ಗುಣಿಯಲ್ಲಿ ಕೂತಿದ್ದ ಬೀರಣ್ಣನ ಲಾಳಿಯ ಸದ್ದು ನಿಂತಿತು. ಅವನು ಎದ್ದು ಬಂದನೇ? ಇಲ್ಲ. ಒಳ್ಳೆಯ ಹುಡುಗ, ಆದರೆ ತಾಯಿಯ ದನಿ ಏರಿದಾಗ ಅವನು ಗುಣಿಯೊಳಗೆ ಇನ್ನೂ ಒಂದು ಗೇಣು ಇಳಿಯುತ್ತಿದ್ದ.

ಅಜ್ಜನವರು ಬಾಯಲ್ಲಿದ್ದುದನ್ನು ಹೇಗೋ ಇಳಿಸಿದರು. ಎಲೆಯ ಮೇಲೆ ಉಳಿದದ್ದನ್ನೂ ಬಿಡಲಿಲ್ಲ. ನೀರು ಕುಡಿದರು. ಕಾಲಬುಡದಲ್ಲಿ ಬಿದ್ದಿದ್ದ ದೊಡ್ಡೀರಮ್ಮನ ತಲೆಯ ಮೇಲಿಂದ ಬಾಗಿಲ ಕಡೆಗೆ ಒಮ್ಮೆ ನೋಡಿದರು. ಬೆತ್ತ ಹಿಡಿದು ಎದ್ದು ನಿಂತು ಹೇಳಿದರು:

“ನಾಳೆಯೂ ಇದೇ ದೋಸೆ ಹಾಕು, ತಾಯಿ.”

ಅಷ್ಟೇ. ಹೊರಟೇಹೋದರು.

ಹಟ್ಟಿಗೆ ಹಟ್ಟಿಯೇ ಬೆರಗಾಯಿತು. ನೇಮ ಮುರಿದು ಎರಡನೆಯ ದಿನ ಅದೇ ಮನೆಗೆ ಅಜ್ಜನವರು? ಅದೂ ಬಾಯಿಬಿಟ್ಟು ಕೇಳಿ? ದೊಡ್ಡೀರಮ್ಮ ಕಣ್ಣೊರೆಸಿಕೊಂಡು ಎದ್ದಳು. ಅಳು ಹೋಗಿ ಮುಖದಲ್ಲಿ ಗರ್ವ ಬಂದಿತ್ತು. ಗಂಜಿ ಬಿದ್ದರೂ ಹಿಟ್ಟು ರುಬ್ಬಿದ್ದು ನನ್ನ ಕೈ, ಮಹಿಮೆ ಎಲ್ಲ ಹಿಟ್ಟಿನದು ಎಂದು ನೆರೆಮನೆಯ ಬೊಮ್ಮಕ್ಕನಿಗೆ ವಿವರಿಸಿದಳಂತೆ. ಆದರೆ ಸೊಸೆಯ ಮೇಲಿನ ತೀರ್ಮಾನ ಬದಲಾಗಲಿಲ್ಲ. ಮಧ್ಯಾಹ್ನವೇ ಹಿರಿಯೂರಿನ ಕಡೆ ಹೊರಟಿದ್ದ ಉಣ್ಣೆಯ ವ್ಯಾಪಾರಿಯ ಬಾಯಲ್ಲಿ ಕೆಂಚಪ್ಪನಿಗೆ ಹೇಳಿಕಳಿಸಿದಳು. ಹಾಲಮ್ಮ ಇದ್ದ ಸೀರೆಗಳನ್ನು ಗಂಟುಕಟ್ಟಿ ಜಗುಲಿಯ ತುದಿಯಲ್ಲಿಟ್ಟು, ಅದರ ಮೇಲೆ ಕೂತಳು.

ಮರುದಿನ ಅಜ್ಜನವರು ಹೇಳಿದ ಹಾಗೆಯೇ ಬಂದರು. ಜಗುಲಿಯಲ್ಲಿ ಕೂತು ಕಣ್ಣುಮುಚ್ಚಿದರು. ಒಳಗೆ ದೊಡ್ಡೀರಮ್ಮ ಹೊಸ ಹಿಟ್ಟಿಗೆ ಧೈರ್ಯವಾಗಿ ಗಂಜಿ ಸುರಿದು ಹಂಚಿಗೆ ಹುಯ್ದಳು. ದೋಸೆ ಹಂಚನ್ನು ಕಚ್ಚಿ ಹಿಡಿಯಿತು. ಕೆರೆದಳು, ತೊಳೆದಳು, ಮತ್ತೆ ಹುಯ್ದಳು. ಈ ಸಲ ಮಗುಚುವ ಕೈಯನ್ನೂ ಅದು ಬಿಡಲಿಲ್ಲ. ಮನೆಯ ತುಂಬ ಹೊಗೆ. ಹೊರಗೆ ಮಹಾತ್ಮರು ಕಾಯುತ್ತಿದ್ದಾರೆ, ಸುತ್ತ ಜನ ಕಾಯುತ್ತಿದ್ದಾರೆ. ಬೊಮ್ಮಕ್ಕನಂತೂ ಬೇಕೆಂದೇ ಸೊಂಟಕ್ಕೆ ಕೈಯಿಟ್ಟು ಹೊಗೆಯನ್ನೇ ನೋಡುತ್ತಿದ್ದಾಳೆ.

ದೊಡ್ಡೀರಮ್ಮ ಜಗುಲಿಯ ತುದಿಗೆ ಬಂದಳು. ಮಾತು ಬಿಟ್ಟ ಸೊಸೆಯನ್ನು ಮಾತಾಡಿಸುವುದು ಹೇಗೆ? ಅಲ್ಲೇ ಕಂಬಕ್ಕೆ ಕಟ್ಟಿದ್ದ ಕುರಿಮರಿಯ ತಲೆ ಸವರುತ್ತ ಅದಕ್ಕೆ ಹೇಳಿದಳು:

“ನಿನ್ನೆ ಗಂಜಿ ಎಷ್ಟು ಸುರಿದರೋ ಏನೋ ಮರಿ. ಹೇಳೋರಿದ್ದಿದ್ರೆ ಆಗಿತ್ತು.”

ಗಂಟಿನ ಮೇಲೆ ಕೂತಿದ್ದ ಹಾಲಮ್ಮ ತಲೆ ಎತ್ತಲಿಲ್ಲ. ಅವಳೂ ಮರಿಗೇ ಹೇಳಿದಳು: “ಇಷ್ಟು ಹೊಗೆ ಬಂದ್ರೆ ಹಂಚು ಕಾದಿದ್ದು ಜಾಸ್ತಿ ಆಯ್ತು ಅಂತ ಮರಿ. ಗಂಜಿ ಕಮ್ಮಿ ಬೇಕು, ಒಂಚೂರು ಮಜ್ಜಿಗೆ ಬೀಳಬೇಕು.”

“ಮಜ್ಜಿಗೆ ಎಷ್ಟು ಅಂತ ಕೇಳು ಮರಿ.”

“ಅದು ಕೈಗೆ ಗೊತ್ತು ಮರಿ, ಬಾಯಿಗೆ ಗೊತ್ತಿಲ್ಲ.”

ದೊಡ್ಡೀರಮ್ಮ ಒಳಗಿನ ಹೊಗೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ, “ಹಂಗಾದ್ರೆ ಆ ಕೈ ಒಳಕ್ಕೆ ಬರ್ಲಿ ಅಂತ ಹೇಳು. ಮೈ ಬರೋದು ಬೇಡ,” ಎಂದಳು.

ಕೈ ಒಳಗೆ ಹೋಯಿತು. ಮೈಯೂ ಅದರ ಜೊತೆಗೆ ಹೋಗಬೇಕಾಯಿತು. ದೇವರು ಮನುಷ್ಯರನ್ನು ಹಾಗೆ ಮಾಡಿದ್ದಾನೆ, ಏನು ಮಾಡುವುದು. ಆ ದಿನದ ದೋಸೆ ಹಂಚಿನಿಂದ ಹೇಗೋ ಎದ್ದಿತು. ಅಜ್ಜನವರು ಮೊದಲಿನಷ್ಟೇ ಶಾಂತವಾಗಿ, ಮೊದಲಿನಷ್ಟಲ್ಲದಿದ್ದರೂ ಬಹಳ ಹೊತ್ತು ಅಗಿದರು. ಏಳುವಾಗ ಮತ್ತೆ ಅದೇ ಮಾತು, ನಾಳೆಯೂ ಇದೇ. ಹಾಲಮ್ಮ ಹೊರಗೆ ಬಂದು ಮತ್ತೆ ಗಂಟಿನ ಮೇಲೆ ಕೂತಳು.

ಹೀಗೆ ದಿನಗಳು ಕಳೆದವು. ಸರದಿ ತಪ್ಪಿದ ಮನೆಯವರು ಗೊಣಗಿದರು. ತನ್ನ ಸರದಿಗೆಂದು ಬೆಲ್ಲ ಕೂಡಿಟ್ಟಿದ್ದ ಬೊಮ್ಮಕ್ಕ, ಇನ್ನೂ ನಾಲ್ಕು ದಿನ ಇದೇ ಗಂಜಿ ತಿಂದರೆ ಅಜ್ಜಯ್ಯನವರು ಕಂಬಳಿಯ ಹಾಗೆ ನೆಟ್ಟಗೆ ನಿಂತುಬಿಡುತ್ತಾರೆ, ಆಮೇಲೆ ಗಳುವಿನ ಮೇಲೆ ಹಾಕಿ ಒಣಗಿಸಬೇಕಾಗುತ್ತದೆ ಎಂದು ಸಾರಿಕೊಂಡು ಬಂದಳು. ದೊಡ್ಡೀರಮ್ಮನಿಗೆ ಅದು ನಾಟಿತು. ಗುರುಗಳು ಇಷ್ಟಪಟ್ಟು ಕೇಳುತ್ತಿರುವಾಗ ನಾಲ್ಕು ಜನ ನಗುವ ಹಾಗೆ ಇರಬಾರದು ಎಂದು ಹಟ ಹುಟ್ಟಿತು. ಹಾಲಮ್ಮ ಹುಯ್ದ ದೋಸೆಯ ಚೂರನ್ನು ತಾನೇ ಬಾಯಿಗೆ ಹಾಕಿಕೊಂಡು ನೋಡಿದಳು. ಒಗರು. ಬೀಜದ ಕೆಂಪು ಸಿಪ್ಪೆ ಪೂರ್ತಿ ಹೋಗಿಲ್ಲ. ಮಗ್ಗಕ್ಕಾದರೆ ನಡೆಯುತ್ತದೆ, ನಾಲಿಗೆಗೆ ನಡೆಯುವುದಿಲ್ಲ.

ಅಂದು ಮಧ್ಯಾಹ್ನ ಅತ್ತೆ ಮರಳು ಕಾಯಿಸಿ ಹುಣಸೆ ಬೀಜ ಹುರಿದಳು. ಘಮ ಬರುವ ತನಕ ಬಿಡಲಿಲ್ಲ. ಒರಳಿಗೆ ಹಾಕಿ ಮೆಲ್ಲಗೆ ಕುಟ್ಟಿ, ಮೊರದಲ್ಲಿ ಕೇರಿ, ಹಲ್ಲಿನಂತೆ ಬೆಳ್ಳಗಾದ ಬೀಜವನ್ನು ಮಾತ್ರ ಉಳಿಸಿದಳು. ಒನಕೆಯ ಇನ್ನೊಂದು ಕೈ ಹಾಲಮ್ಮನದು. ರುಬ್ಬುವಾಗ ಗುಂಡು ತಿರುಗಿಸಿದ್ದು ಒಬ್ಬಳು, ಬೀಜ ತಳ್ಳಿದ್ದು ಇನ್ನೊಬ್ಬಳು. ಜೀರಿಗೆ ಹಾಕಿದರೆ ಹೇಗೆ ಎಂದು ಸೊಸೆ ಮರಿಯನ್ನು ಕೇಳಿದಳು. ಹಾಕಿ ನೋಡಲಿ ಎಂದು ಅತ್ತೆ ಮರಿಗೆ ಹೇಳಿದಳು. ಮರಿ ಆ ದಿನಗಳಲ್ಲಿ ಬಹಳ ಬುದ್ಧಿವಂತವಾಯಿತಂತೆ. ಒಂದು ಸಲ ದೊಡ್ಡೀರಮ್ಮ ಮರೆತು ನೇರವಾಗಿ, ಉಪ್ಪು ನೋಡು ಎಂದುಬಿಟ್ಟಳು. ಹಾಲಮ್ಮನೂ ಮರೆತು ನೇರವಾಗಿ, ಸಾಕು ಅತ್ತೆಮ್ಮ ಎಂದಳು. ಇಬ್ಬರೂ ಆಮೇಲೆ ಗಾಬರಿಯಾಗಿ ಮರಿಯ ಕಡೆ ತಿರುಗಿದರು. ಮಗ್ಗದ ಗುಣಿಯಲ್ಲಿ ಬೀರಣ್ಣ ಬಾಯಿಗೆ ಕಂಬಳಿಯ ಅಂಚು ತುರುಕಿಕೊಂಡು ನಕ್ಕ.

ಗಂಜಿಯ ಅಳತೆ ಇಳಿಯುತ್ತ ಬಂದು, ಗಡಿಗೆ ಹಿಟ್ಟಿಗೆ ಒಂದು ಹಿಡಿಯಷ್ಟು ಎಂದು ನಿಂತಿತು. ಆಗ ನೋಡಿ ಅದು ದೋಸೆಯಾಯಿತು. ಅಂಚು ಗರಿಗರಿ, ನಡು ಮೆದು, ಹುರಿದ ಬೀಜದ ಕಂಪು, ಮಜ್ಜಿಗೆಯ ಸಣ್ಣ ಹುಳಿ. ಮಡಿಸಿದರೆ ಹರಿಯುವುದಿಲ್ಲ, ಬಾಯಲ್ಲಿಟ್ಟರೆ ನಿಲ್ಲುವುದಿಲ್ಲ. ನಾನು ತಿಂದಿದ್ದೇನೆ. ಇದು ನಿಜ.

ಹೀಗೆ ಅದು ಪಕ್ಕಾ ಆದ ದಿನವೇ ಕೆಂಚಪ್ಪ ಬಂದ. ತಲೆಯ ಮೇಲೆ ಕಂಬಳಿಯ ಕೊಪ್ಪೆ, ಮೊಣಕಾಲ ತನಕ ಧೂಳು, ಕೈಯಲ್ಲಿ ಕುರಿ ಕಾಯುವ ಕೋಲು. ಅಜ್ಜನವರು ಆಗಷ್ಟೇ ಬಂದು ಜಗುಲಿಯಲ್ಲಿ ಕೂತಿದ್ದರು. ಕೆಂಚಪ್ಪನಿಗೆ ಸ್ವಾಮಿ ಸನ್ಯಾಸಿಗಳೆಂದರೆ ಅಷ್ಟಕ್ಕಷ್ಟೆ. ಅಂಥವರಿಗೆ ಹಿಂಡಿನ ಹಿಕ್ಕೆಯನ್ನೂ ಕೊಟ್ಟವನಲ್ಲ. ಅಜ್ಜನವರಿಗೆ ಕೈಮುಗಿಯಲಿಲ್ಲ. ಬೀರಣ್ಣ ಗುಣಿಯಿಂದ ಎದ್ದು ಬಂದು ತಂಬಿಗೆಯಲ್ಲಿ ನೀರು ಕೊಟ್ಟ. ಕೆಂಚಪ್ಪ ಮುಟ್ಟಲಿಲ್ಲ. ಒಡಹುಟ್ಟಿದವಳನ್ನು ಹೊರಗೆ ಹಾಕಿದ ಮನೆಯ ನೀರು ಕುಡಿಯುವ ಪದ್ಧತಿ ಅವರಲ್ಲಿಲ್ಲ. ಅಂಗಳದಲ್ಲೇ ನಿಂತು, ತಂಗಿಯದು ಏನು ತಪ್ಪು ಎಂದು ಕೇಳುವುದಕ್ಕೆ ಬಂದಿಲ್ಲ, ಕರೆದುಕೊಂಡು ಹೋಗುವುದಕ್ಕೆ ಬಂದಿದ್ದೇನೆ ಎಂದ. ಜಗುಲಿಯ ಮೇಲಿದ್ದ ಗಂಟನ್ನು ಕೋಲಿನ ತುದಿಯಿಂದ ತೋರಿಸಿ, ತೆಗೆದುಕೋ ಎಂದು ತಂಗಿಯನ್ನು ಕೂಗಿದ.

ಹಾಲಮ್ಮ ಒಳಗಿನಿಂದ ಬಂದಳು. ಮೊಣಕೈ ತನಕ ದೋಸೆ ಹಿಟ್ಟು. ಅಣ್ಣನ ಮುಖ ನೋಡಲಿಲ್ಲ, ಗಂಡನ ಮುಖ ನೋಡಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತ ನಿಂತಳು. ಹಂಚಿನ ಮೇಲೆ ಅರ್ಧ ಬೆಂದ ದೋಸೆ ಚುಂಯ್‌ಗುಡುತ್ತಿತ್ತು. ನೆರೆದಿದ್ದ ಜನ ಉಸಿರು ಬಿಗಿಹಿಡಿದಿದ್ದರು, ಬೊಮ್ಮಕ್ಕ ಕೂಡ.

ದೊಡ್ಡೀರಮ್ಮ ಅಜ್ಜನವರ ಕಡೆ ನೋಡಿದಳು, ಏನಾದರೂ ಹೇಳಿಯಾರೆಂದು. ಅಜ್ಜನವರು ತಮ್ಮ ಎಲೆಯ ಮೇಲಿನ ನೀರಿನ ಹನಿಯನ್ನು ಬೆರಳಿನಿಂದ ಸರಿಸುತ್ತಿದ್ದರು. ಆ ಮಾತು ಅವರು ಹೇಳಬೇಕಾದ್ದಲ್ಲ.

“ನಿನ್ನ ಕರೆಸಿದ್ದು ನಾನೇ ಕಣಪ್ಪ,” ಎಂದಳು ದೊಡ್ಡೀರಮ್ಮ. “ದೋಸೆ ತಿನ್ನಾಕೆ.”

ಕೆಂಚಪ್ಪ ಬಗ್ಗಲಿಲ್ಲ. “ಸೀರೆಗಂಟಿನ ಸಮೇತ ಅಂತ ಹೇಳಿಕಳ್ಸಿದ್ರಂತಲ್ಲ ಅತ್ತೆ.”

“ಸೀರೆಗಂಟು ನಿಂಗ್ಯಾಕಪ್ಪ, ಉಟ್ಕಂತೀಯಾ?”

ಮೊದಲು ನಕ್ಕವನು ಬೀರಣ್ಣ. ಹುಟ್ಟಿದಾಗಿನಿಂದ ತಾಯಿಯ ಎದುರಿಗೆ ಅವನು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು. ಆಮೇಲೆ ಹಟ್ಟಿ ನಕ್ಕಿತು. ದೊಡ್ಡೀರಮ್ಮ ಆ ಗಂಟನ್ನು ತಾನೇ ಎತ್ತಿ ಕಂಕುಳಲ್ಲಿಟ್ಟುಕೊಂಡು, ಇವಳು ಹೋದರೆ ನಾಳೆ ದೋಸೆ ಹುಯ್ಯುವವರು ಯಾರು, ನಿನ್ನ ಕುರಿಗಳೇ ಎಂದು ಕೇಳುತ್ತ ಒಳಗೆ ಹೋದಳು. ಕೆಂಚಪ್ಪ ಕೋಲನ್ನು ಗೋಡೆಗೆ ಒರಗಿಸಿದ. ಆಮೇಲೆ ಕೊಪ್ಪೆ ತೆಗೆದ. ಬೀರಣ್ಣ ಇನ್ನೂ ಹಿಡಿದುಕೊಂಡಿದ್ದ ತಂಬಿಗೆಯನ್ನು ತೆಗೆದುಕೊಂಡು, ಗಟಗಟನೆ ಪೂರ್ತಿ ಕುಡಿದ.

ಅಜ್ಜನವರ ಪಕ್ಕದಲ್ಲೇ ಅವನಿಗೂ ಎಲೆ ಹಾಕಿದರು. ಮೊದಲ ದೋಸೆಗೆ ಅವನು ತಲೆ ಎತ್ತಲಿಲ್ಲ. ಎರಡನೆಯದಕ್ಕೆ, ಇದರಲ್ಲಿ ಏನು ಹಾಕಿದ್ದೀರಿ ಎಂದ. ಹುಣಸೆ ಬೀಜದ ಗಂಜಿ ಎಂದು ಕೇಳಿ, ತುತ್ತನ್ನು ಬಾಯಿಯ ಹತ್ತಿರ ಹಿಡಿದವನು ಹಾಗೇ ಕೂತ. ಮೊದಲಿನ ದಿನದಿಂದ ನಡೆದದ್ದನ್ನೆಲ್ಲ ಬೊಮ್ಮಕ್ಕ ಹೇಳಿದಳು. ಅವಳನ್ನು ಯಾರೂ ಕೇಳಿರಲಿಲ್ಲ. ಕೆಂಚಪ್ಪ ಪೂರ್ತಿ ಕೇಳಿಕೊಂಡು ಅಜ್ಜನವರ ಕಡೆ ತಿರುಗಿದ. ಒಳಗೆ ಹಂಚಿನ ಮುಂದಿದ್ದ ದೊಡ್ಡೀರಮ್ಮನೂ ಕಿವಿಗೊಟ್ಟಳು. ಅವಳಿಗೂ ಆ ಪ್ರಶ್ನೆ ದಿನವೂ ನಾಲಿಗೆಯ ತುದಿಗೆ ಬಂದು ಹಿಂದೆ ಹೋಗುತ್ತಿತ್ತು. ಕುರಿ ಕಾಯುವವನಿಗೆ ಅಂಥ ಸಂಕೋಚ ಇರಲಿಲ್ಲ.

“ಸ್ವಾಮಿ, ನಿಜ ಹೇಳಿ. ಮೊದಲನೆ ದಿನಾನೂ ಹಿಂಗೇ ರುಚಿಯಾಗಿತ್ತಾ?”

ಅಜ್ಜನವರು ಕೈಯಲ್ಲಿದ್ದ ತುತ್ತನ್ನು ಮುಗಿಸಿದರು.

“ಮೊದಲನೆ ದಿನದ್ದು ನುಂಗೋಕೆ ಆಗಲಿಲ್ಲ ಮಗ. ಇವತ್ತಿಂದು ಚೆನ್ನಾಗೈತೆ.”

ಆ ಮಹಾತ್ಮರು ತಮ್ಮ ಜೀವಮಾನದಲ್ಲಿ ಊಟವನ್ನು ಚೆನ್ನಾಗಿದೆ ಎಂದದ್ದು ಅದೊಂದೇ ಸಲ ಎಂದು ಹಟ್ಟಿಯವರು ಇಂದಿಗೂ ಹೇಳುತ್ತಾರೆ.

ಕೆಂಚಪ್ಪ ನಗಲಿಲ್ಲ. ಎಂಜಲ ಕೈಯಲ್ಲೇ ಎದ್ದು, ಆ ಕೈಯನ್ನು ಹಿಂದಕ್ಕೆ ಮರೆಮಾಡಿಕೊಂಡು, ಅಜ್ಜನವರ ಪಾದಕ್ಕೆ ಹಣೆ ಮುಟ್ಟಿಸಿದ. ಆದರೆ ನಾನು ಹೇಳಬೇಕಾದ್ದು ಒಳಗಿದ್ದವಳ ವಿಷಯ. ದೊಡ್ಡೀರಮ್ಮ ಆ ಮಾತನ್ನು ಕೇಳಿ ಸೌಟನ್ನು ಕೆಳಗಿಟ್ಟಳು. ತನ್ನ ಕೈಯ ಹಿಟ್ಟಿನ ಮಹಿಮೆಗೆ ಗುರುಗಳು ನೇಮ ಮುರಿದರೆಂದು ಊರಿಗೆಲ್ಲ ಹೇಳಿಕೊಂಡವಳು ಅವಳು. ನುಂಗಲಾಗದ್ದನ್ನು ಆ ವಯಸ್ಸಿನ ಮಹಾತ್ಮರು ಬಿಸಿಲೇರುವ ತನಕ ಅಗಿದು, ಮತ್ತೆ ಮರುದಿನ ಅದನ್ನೇ ಕೇಳಿಕೊಂಡು ಬಂದದ್ದು ಯಾರಿಗಾಗಿ ಎಂದು ಆಗ ಅವಳಿಗೆ ತಿಳಿಯಿತು. ಬಾಗಿಲ ಸಂದಿಯ ಕಡೆಗೆ ಅವರು ನೋಡಿದ್ದ ನೋಟ ಅವಳ ತಲೆಯ ಮೇಲಿಂದ ಹಾದುಹೋಗಿತ್ತು. ಅವಳು ಆಗ ನೆಲ ನೋಡುತ್ತಿದ್ದಳು.

ಆ ಮನೆಯಲ್ಲಿ ದೊಡ್ಡೀರಮ್ಮ ಎಲ್ಲರೂ ಉಂಡ ಮೇಲೆ, ಒಲೆ ಆರಿದ ಮೇಲೆ, ಉಳಿದದ್ದನ್ನು ನಿಂತೇ ತಿನ್ನುತ್ತಿದ್ದವಳು. ಮದುವೆಯಾಗಿ ಬಂದಂದಿನಿಂದ ಅವಳಿಗೆ ಒಬ್ಬರೂ ಬಡಿಸಿದ್ದಿಲ್ಲ. ಅಂದು ಒಲೆಯ ಪಕ್ಕದಲ್ಲಿ ನೆಲಕ್ಕೆ ಕೂತು, ಒಂದು ಮುತ್ತುಗದ ಎಲೆಯನ್ನು ಎಳೆದು ತನ್ನ ಮುಂದೆ ಹಾಸಿಕೊಂಡಳು.

“ಹಾಲಮ್ಮ, ನಂಗೂ ಒಂದು ಹಾಕು,” ಎಂದಳು.

ಹಾಲಮ್ಮ ಹಾಕಿದಳು. ದೊಡ್ಡೀರಮ್ಮ ಬಿಸಿ ದೋಸೆಯನ್ನು ಮುರಿದು ಬಾಯಿಗಿಟ್ಟುಕೊಂಡು, ನಿಧಾನವಾಗಿ ತಿಂದು, ಇನ್ನೊಂದು ಕೇಳಿದಳು.

ಮರುದಿನ ಅಜ್ಜನವರು ಆ ಮನೆಗೆ ಬರಲಿಲ್ಲ. ಸರದಿಯಂತೆ ಬೊಮ್ಮಕ್ಕನ ಜಗುಲಿಯಲ್ಲಿ ಕೂತು, ಅವಳು ಕೂಡಿಟ್ಟ ಬೆಲ್ಲದ ಪಾಯಸವನ್ನು ಚೆನ್ನಾಗಿದೆ ಎನ್ನದೆ ಸ್ವೀಕರಿಸಿ ಎದ್ದರು. ಮತ್ತೆಂದೂ ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ.

ಆ ವರ್ಷ ಗಂಜಿಯೆಲ್ಲ ದೋಸೆಗೇ ಹೋಗಿ ಮಗ್ಗಕ್ಕೆ ಸಾಲದೆ ದೊಡ್ಡೀರಮ್ಮನ ಮನೆಯ ಕಂಬಳಿಗಳು ನಿಲ್ಲಿಸಿದರೆ ನಿಲ್ಲದೆ ಬಾಗುತ್ತಿದ್ದವಂತೆ. ಹೊದ್ದವರು ಹಿಂದೆಂದಿಗಿಂತ ಬೆಚ್ಚಗಿದೆ ಎಂದರಂತೆ. ಈ ಕೊನೆಯ ಮಾತಿಗೆ ನನ್ನ ಹತ್ತಿರ ಸಾಕ್ಷಿ ಇಲ್ಲ. ಉಳಿದದ್ದಕ್ಕೆಲ್ಲ ಹಾಲಮ್ಮಜ್ಜಿಯೇ ಸಾಕ್ಷಿ. ಅತ್ತೆಯನ್ನು ಕೊನೆಗಾಲದ ತನಕ ನೋಡಿಕೊಂಡು, ಅದೇ ಮನೆಯಲ್ಲಿ ಮೊಮ್ಮಕ್ಕಳಿಗೆ ದೋಸೆ ಹುಯ್ಯುತ್ತ ನನಗೂ ಎರಡು ಹಾಕಿ ಹೇಳಿದ ಕಥೆ ಇದು. ನುಂಗಲಾಗದ್ದನ್ನು ಒಬ್ಬರಿಗಾಗಿ ನಗುಮುಖದಿಂದ ನುಂಗಿದವರ ಪಾದಕ್ಕೆ ಶರಣು ಎಂದು ಅಜ್ಜಿ ಹೇಳುವಾಗಲೆಲ್ಲ ತೋಪಿನ ಕಡೆಗೆ ತಿರುಗಿ ಕೈಮುಗಿಯುತ್ತಿದ್ದಳು. ನಾನೂ ಮುಗಿಯುತ್ತೇನೆ, ನೀವೂ ಒಮ್ಮೆ ಮುಗಿಯಿರಿ.

ಮುಗಿದಾಯಿತೇ? ಹಾಗಾದರೆ ಆ ಕೈ ಇನ್ನೂ ಮೇಲಿರುವಾಗಲೇ ಒಂದು ಸಣ್ಣ ಪುಣ್ಯದ ಕೆಲಸ ಮಾಡಿ, ಹೋಟೆಲಿನವನನ್ನು ಕರೆದು ನನ್ನ ಚಹಾದ ದುಡ್ಡನ್ನೂ ನೀವೇ ಕೊಟ್ಟುಬಿಡಿ.